ಶಾಲೆಯ ಹಿತ್ತಲಲ್ಲಿ ಹೆಜ್ಜೆ ಪಾತಿ: ಕಟ್ಟಿದ ಬಗೆ, ಕೆಟ್ಟ ಬಗೆ

ಜರಡಿ ಹಿಡಿದ ಮೆತ್ತನೆಯ ಮಣ್ಣನ್ನು ನೆಲದ ಮೇಲೆ ಸಮನಾಗಿ ಹರಡಿ, ರಾತ್ರಿ ಅದರ ಮೇಲೆ ಯಾರು ಯಾರು ನಡೆದರು ಎಂದು ಬೆಳಿಗ್ಗೆ ನೋಡುವ ಜಾಗಕ್ಕೆ ನಮ್ಮ ಮಕ್ಕಳು ಇಟ್ಟ ಹೆಸರು ಹೆಜ್ಜೆ ಪಾತಿ. ಇದು ಹೊಸ ಸಂಗತಿಯೇನಲ್ಲ. ಹೆಜ್ಜೆ ಗುರುತು ನೋಡಿಯೇ ಹುಲಿ ಎಣಿಸುತ್ತಿದ್ದ ಕಾಲದಲ್ಲಿ ಅರಣ್ಯ ಸಿಬ್ಬಂದಿ ಕಾಡುದಾರಿಗಳ ಮೇಲೆ ಇಂಥ ಮಣ್ಣಿನ ಪಟ್ಟಿಗಳನ್ನು ಹಾಕುತ್ತಿದ್ದರು. ನಾವು ಅದನ್ನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಅಂಚಿನಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಿತ್ತಲಿಗೆ ತಂದೆವು. ನಾನು ಅಲ್ಲಿ ವಿಜ್ಞಾನ ಕಲಿಸುತ್ತೇನೆ. ಇಕೋ ಕ್ಲಬ್ಬಿನ ಹೊಣೆಯೂ ನನ್ನದೇ, ಏಕೆಂದರೆ ಬೇರೆ ಯಾರೂ ಕೈ ಎತ್ತಲಿಲ್ಲ.

ವನ್ಯಜೀವಿ ಸಪ್ತಾಹ ಬರುವುದು ಅಕ್ಟೋಬರ್ 2ರಿಂದ 8ರವರೆಗೆ. ಎಷ್ಟೋ ವರ್ಷ ಅದು ದಸರಾ ರಜೆಯೊಳಗೇ ಕರಗಿಹೋಗುತ್ತದೆ. ರಜೆ ತಪ್ಪಿದ ವರ್ಷ ಚಿತ್ರಕಲಾ ಸ್ಪರ್ಧೆ. ಮಕ್ಕಳು ಕೇಸರಿ ಬಣ್ಣದ ಹುಲಿ ಬರೆದು ಕೆಳಗೊಂದು ಘೋಷಣೆ ಬರೆಯುತ್ತಾರೆ. ಬೆಂಗಳೂರಿನ ಮಗು ಬರೆದರೂ ಇಲ್ಲಿನ ಮಗು ಬರೆದರೂ ಹುಲಿ ಒಂದೇ ಭಂಗಿಯಲ್ಲಿ ನಿಂತಿರುತ್ತದೆ. ವ್ಯತ್ಯಾಸವೆಂದರೆ, ಇಲ್ಲಿನ ಮಗುವಿನ ಅಪ್ಪ ಹಿಂದಿನ ರಾತ್ರಿಯೆಲ್ಲ ಹೊಲದ ಅಟ್ಟಣೆಯಲ್ಲಿ ಕುಳಿತು ಆನೆಗೆ ಪಟಾಕಿ ಹೊಡೆದು ಬಂದಿರುತ್ತಾನೆ. ಅದನ್ನು ಬರೆದರೆ ಬಹುಮಾನ ಬರುವುದಿಲ್ಲವೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಪರಿಸರವನ್ನು ಪಾಠವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ, ಪಾಠವೂ ಪುಸ್ತಕದಲ್ಲಿದೆ. ಕೈಗೆ ಮಣ್ಣು ಹತ್ತುವ ಭಾಗವನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು.

ಜಾಗ

ಮಕ್ಕಳನ್ನು ಕಾಡಿನೊಳಗೆ ಅನುಮತಿಯಿಲ್ಲದೆ ಕರೆದೊಯ್ಯುವಂತಿಲ್ಲ, ಕರೆದೊಯ್ಯಲೂ ಬಾರದು. ಶಾಲಾ ಮಕ್ಕಳಿಗೆ ಕಾಡು ತೋರಿಸುವ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನಕ್ಕೆ ನಮ್ಮ ಸರದಿ ಬಂದಾಗ ಬಸ್ ಹತ್ತಿ ಹೋಗಿ ಬರುತ್ತೇವೆ. ಉಳಿದ ದಿನಗಳಿಗೆ ಹಿತ್ತಲೇ ಗತಿ.

ನಮ್ಮ ಹಿತ್ತಲಲ್ಲಿ ಕಾಂಪೌಂಡ್ ಗೋಡೆಯ ಒಂದು ಮೂಲೆ ಕುಸಿದಿದೆ. ದುರಸ್ತಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದೇವೆ. ಈ ಒಂದು ಕೆಲಸದ ಮಟ್ಟಿಗೆ ಅದು ತಡವಾಗಲಿ ಎಂದು ನಾನು ಒಳಗೊಳಗೇ ಹಾರೈಸಿದ್ದುಂಟು. ಗೋಡೆಯಾಚೆ ಹುರುಳಿ ಹೊಲ, ಅದರಾಚೆ ಲಂಟಾನ ತುಂಬಿದ ಖರಾಬು ಜಮೀನು, ಬಲಕ್ಕೆ ಕೆರೆ ಏರಿ. ಪ್ರಾಣಿಗಳಿಗೂ ನಮ್ಮಂತೆ ಸುಲಭದ ದಾರಿಯೇ ಬೇಕು. ಸಂದು ಇದ್ದಲ್ಲಿ ನುಗ್ಗುತ್ತವೆ. ಆ ಸಂದಿಗೆ ಅಡ್ಡಲಾಗಿ 3 ಮೀಟರ್ ಉದ್ದ, 1.2 ಮೀಟರ್ ಅಗಲದ ಪಾತಿ ಗುರುತಿಸಿದೆವು. ಅಗಲ ಇಷ್ಟು ಬೇಕೇ ಬೇಕು. ಇದಕ್ಕಿಂತ ಕಿರಿದಾದರೆ ಒಂದು ಹೆಜ್ಜೆ ಬಿದ್ದು ಇನ್ನೊಂದು ಹೊರಗೆ ಹೋಗುತ್ತದೆ, ಪ್ರಾಣಿ ಎತ್ತ ಹೋಯಿತು ಎಂಬುದೇ ತಿಳಿಯುವುದಿಲ್ಲ.

ಇನ್ನೊಂದು ಲೆಕ್ಕ ಬೆಳಕಿನದು. ಹೆಜ್ಜೆ ಗುರುತು ಕಾಣುವುದು ನೆರಳಿನಿಂದ. ಸೂರ್ಯ ನೆತ್ತಿಗೆ ಬಂದರೆ ಎಂಥ ಆಳದ ಗುರುತೂ ಅಳಿಸಿದಂತೆ ಕಾಣುತ್ತದೆ. ಮಕ್ಕಳು ಬಂದು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಬಿಸಿಲು ಮೇಲೇರಿರುತ್ತದೆ. ಇದಕ್ಕೆ ಮಕ್ಕಳೇ ಹುಡುಕಿದ ಉಪಾಯವನ್ನು ಯಾವ ಕೈಪಿಡಿಯಲ್ಲೂ ನಾನು ನೋಡಿಲ್ಲ. ಒಬ್ಬರು ಕರಿ ಕೊಡೆ ಬಿಚ್ಚಿ ಗುರುತಿನ ಮೇಲೆ ಹಿಡಿಯುವುದು, ಇನ್ನೊಬ್ಬರು ನೆಲಕ್ಕೆ ತಾಗುವಂತೆ ಟಾರ್ಚ್ ಇಟ್ಟು ಅಡ್ಡಬೆಳಕು ಬಿಡುವುದು. ನಡುಹಗಲಲ್ಲೂ ಬೆರಳ ಉಬ್ಬುಗಳು ಎದ್ದು ಕಾಣುತ್ತವೆ.

ಬಿಸಿಯೂಟದ ತಟ್ಟೆ ತೊಳೆಯುವ ಜಾಗದಿಂದ ಪಾತಿ ದೂರವಿರಬೇಕು. ಅನ್ನ ಬಿದ್ದಲ್ಲಿ ನಾಯಿ, ನಾಯಿಯ ಹಿಂದೆ ಹಂದಿ. ಪ್ರಾಣಿ ಬರಲಿ ಎಂದು ತಿಂಡಿ ಇಡುವುದಂತೂ ಕೂಡದು. ಆರನೇ ತರಗತಿಯ ಒಬ್ಬ ಹುಡುಗ ಕಡಲೆಕಾಯಿ ಇಡೋಣವೆಂದು ಬಹಳ ಕಾಡಿದ. ಇಟ್ಟರೆ ಏನಾಗುತ್ತದೆಂದು ಅವನ ಅಜ್ಜಿಯನ್ನೇ ಕೇಳಿಕೊಂಡು ಬರಲು ಹೇಳಿದೆ. ಮಾರನೆಯ ದಿನ ಆ ಮಾತು ಎತ್ತಲಿಲ್ಲ.

ಮಣ್ಣು

ಮೂರು ಮೀಟರ್, ಒಂದೂಕಾಲು ಮೀಟರಿಗೆ ಕೊಂಚ ಕಡಿಮೆ, ದಪ್ಪ 5 ಸೆಂಟಿಮೀಟರ್. ಗುಣಿಸಿದರೆ 0.18 ಘನ ಮೀಟರ್, ಅಂದರೆ 180 ಲೀಟರ್. ಗಾರೆ ಕೆಲಸದ ಬಾಂಡಲಿಯಲ್ಲಿ ಎಷ್ಟು ಹಿಡಿಯುತ್ತದೆಂದು ನೀರು ತುಂಬಿ ಅಳೆದು, ಎಷ್ಟು ಬಾಂಡಲಿ ಮಣ್ಣು ಬೇಕೆಂದು ಏಳನೇ ತರಗತಿಯವರು ಲೆಕ್ಕ ಹಾಕಿದರು. ಗಣಿತದ ಮೇಷ್ಟ್ರಿಗೆ ಬಹಳ ಸಂತೋಷವಾಯಿತು.

ಹಿತ್ತಲ ಕೆಮ್ಮಣ್ಣನ್ನೇ ಸೋಸಿ ಹಾಕಿದಾಗ ಎರಡು ತೊಂದರೆ ಬಂದವು. ಒದ್ದೆಯಾದರೆ ಕಾಲಿಗೆ ಅಂಟಿ ಗುರುತಿನ ತಳವೇ ಕಿತ್ತು ಬರುತ್ತಿತ್ತು. ಒಣಗಿದರೆ ಮೇಲೆ ಹೆಪ್ಪುಗಟ್ಟಿ, ಮುಂಗುಸಿಯಂಥ ಹಗುರ ಪ್ರಾಣಿ ನಡೆದರೆ ಗೀರು ಮಾತ್ರ ಉಳಿಯುತ್ತಿತ್ತು. ಎಂ-ಸ್ಯಾಂಡ್ ಬೆರೆಸಿದರೆ ಅಂಟು ಹೋಯಿತು, ಆದರೆ ಅದರ ಕಣ ಒರಟು, ಅಂಚು ನಿಲ್ಲುವುದಿಲ್ಲ. ಕೊನೆಗೆ ಸರಿಬಂದ ಪಾಕ ಇದು: ಸೋಸಿದ ಕೆಮ್ಮಣ್ಣು ಎರಡು ಪಾಲು, ಕೆರೆಯ ಒಣ ಗೋಡು (ತಳದ ಹೂಳುಮಣ್ಣು) ಒಂದು ಪಾಲು, ಮಳೆನೀರು ರಸ್ತೆ ಬದಿಯಲ್ಲಿ ತಂದು ಗುಡ್ಡೆ ಹಾಕಿದ ನುಣ್ಣನೆಯ ಮರಳು ಎರಡು ಪಾಲು. ಎಲ್ಲವನ್ನೂ ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿಯಲ್ಲಿ ಜರಡಿ ಹಿಡಿಯಬೇಕು. ಹಳೆಯ ಬೆಂಚಿನ ಕಾಲುಗಳಿಂದ ಜರಡಿಗೆ ಚೌಕಟ್ಟು ಮಾಡಿದೆವು. ನಿಮ್ಮ ಊರಿನ ಮಣ್ಣಿಗೆ ಈ ಅಳತೆ ಹೊಂದದೇ ಹೋಗಬಹುದು. ಪರೀಕ್ಷೆ ಸುಲಭ: ಒದ್ದೆ ಮಾಡಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಡಿ. ಉಂಡೆ ನಿಲ್ಲಬೇಕು, ಬೆರಳಿನಿಂದ ಮೀಟಿದರೆ ಒಡೆಯಬೇಕು. ಮೀಟಿದರೂ ಒಡೆಯದಿದ್ದರೆ ಮರಳು ಸಾಲದು, ಉಂಡೆಯೇ ಆಗದಿದ್ದರೆ ಗೋಡು ಸಾಲದು.

ಕೆಳಗಿನ ನೆಲವನ್ನು ದಮ್ಮಸ್ಸು ಮಾಡಿ ಗಟ್ಟಿಗೊಳಿಸದಿದ್ದರೆ ಮೇಲಿನ ಮಣ್ಣು ಒಂದೊಂದು ಕಡೆ ಒಂದೊಂದು ಆಳಕ್ಕೆ ಕುಸಿಯುತ್ತದೆ. ಮೇಲೆ ಮಟ್ಟದ ಹಲಗೆ ಎಳೆದು ಸಮ ಮಾಡಬೇಕು. ನೀರು ಚಿಮುಕಿಸಲು ಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದುಕೊಂಡೆವು. ಬೆನ್ನಿಗೆ ಕಟ್ಟಿಕೊಳ್ಳುವ ಸ್ಪ್ರೇಯರ್ ತರುತ್ತೇನೆಂದು ಒಬ್ಬ ಹುಡುಗ ಹೇಳಿದ, ಬೇಡವೆಂದೆ. ಹೊಲಕ್ಕೆ ಔಷಧಿ ಹೊಡೆದ ಡಬ್ಬಿ ಎಷ್ಟು ತೊಳೆದರೂ ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಪಾತಿ ಸಮ ಮಾಡುವುದು, ನೀರು ಚಿಮುಕಿಸುವುದು ಎಲ್ಲವೂ ಸಂಜೆ ಶಾಲೆ ಬಿಡುವ ಹೊತ್ತಿಗೆ ಮುಗಿಯಬೇಕು. ಕತ್ತಲಾದ ಮೇಲೆ ಯಾರೂ ಅತ್ತ ಸುಳಿಯುವಂತಿಲ್ಲ, ಬೆಳಿಗ್ಗೆ ಒಬ್ಬೊಬ್ಬರೇ ಹೋಗುವಂತಿಲ್ಲ. ಹಸಿ ಗುರುತು ಕಂಡರೆ ಅದರ ಜಾಡು ಹಿಡಿದು ಹೊಲದ ಕಡೆಗೆ ಒಂದು ಹೆಜ್ಜೆಯೂ ಇಡುವಂತಿಲ್ಲ. ದೊಡ್ಡ ಪ್ರಾಣಿಯ ಗುರುತಾದರೆ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ, ಆಮೇಲೆ ಪಾಠ. ಈ ಕಟ್ಟಳೆಗಳನ್ನು ಪಾತಿಗಿಂತ ಮೊದಲೇ ಗೋಡೆಗೆ ಬರೆಸಿದೆ.

ಮೊದಲ ಬೆಳಗುಗಳು

ಹುಲಿ ಬರುತ್ತದೆಂದು ಮಕ್ಕಳು ಕಾದರು. ಬಂದಿದ್ದು ಶಾಲೆಯ ನಾಯಿ ಕರಿಯ. ಆಮೇಲೆ ಕೋಳಿ, ಕಾಗೆ, ಒಂದು ಕಪ್ಪೆ, ಮತ್ತು ಅಡುಗೆ ಅಕ್ಕನ ಹವಾಯಿ ಚಪ್ಪಲಿ. ಅಕ್ಕ ಸೌದೆಗೆಂದು ಆ ಸಂದಿನಿಂದ ಹೊರಗೆ ಹೋಗಿ ಬಂದಿದ್ದರು. ಹೋಗುವ ಹೆಜ್ಜೆಗಿಂತ ಬರುವ ಹೆಜ್ಜೆ ಆಳವಾಗಿತ್ತು, ಹಿಮ್ಮಡಿ ಹೆಚ್ಚು ಒತ್ತಿತ್ತು. ಅಕ್ಕ ಬರುವಾಗ ತಲೆ ಮೇಲೆ ಹೊರೆ ಇತ್ತು ಎಂದು ಆರನೇ ತರಗತಿಯ ಒಬ್ಬಳು ಹೇಳಿದಾಗ, ಅಲ್ಲಿಯವರೆಗೆ ಬೇಸರದಿಂದ ನಿಂತಿದ್ದವರೂ ಬಗ್ಗಿ ನೋಡಿದರು. ನನ್ನ ಮಟ್ಟಿಗೆ ಈ ಯೋಜನೆ ಶುರುವಾದದ್ದು ಅಲ್ಲಿಂದ.

ನಾಯಿ ಬೆಕ್ಕಿನ ಭೇದವನ್ನು ಕರಿಯನಿಂದಲೇ ಕಲಿತೆವು. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಬೆಕ್ಕಿನ ಜಾತಿ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ, ಹಾಗಾಗಿ ಮೂಡುವುದಿಲ್ಲ. ಉಗುರೊಂದನ್ನೇ ನಂಬಿದರೆ ಸಾಲದು. ನಾಯಿಯ ಹೆಜ್ಜೆಯ ಎಡ ಬಲ ಒಂದೇ ಸಮ, ಬೆರಳುಗಳಿಗೂ ಅಂಗಾಲಿಗೂ ನಡುವೆ ಗುಣಾಕಾರದ ಗುರುತು ಎಳೆಯಬಹುದು. ಬೆಕ್ಕಿನದು ಓರೆ, ನಮ್ಮ ಕೈಯ ನಡುಬೆರಳಿನ ಹಾಗೆ ಒಂದು ಬೆರಳು ಮುಂದೆ ಚಾಚಿರುತ್ತದೆ, ಅಂಗಾಲು ದೊಡ್ಡದು, ಅದರ ಹಿಂಬದಿಯಲ್ಲಿ ಮೂರು ಉಬ್ಬು. ಸಾಕಿದ ಬೆಕ್ಕು, ಕಾಡುಬೆಕ್ಕು, ಚಿರತೆ, ಹುಲಿ ಎಲ್ಲಕ್ಕೂ ಇದೇ ನಕ್ಷೆ, ಅಳತೆ ಮಾತ್ರ ಬೇರೆ. ಚಿರತೆಯ ಹೆಜ್ಜೆಯ ಅಗಲ ಸುಮಾರಾಗಿ ಏಳೆಂಟು ಸೆಂಟಿಮೀಟರ್. ಬೆಳೆದ ಹುಲಿಯದು ಹನ್ನೊಂದು ಹನ್ನೆರಡನ್ನು ದಾಟುತ್ತದೆ.

ಮಳೆ ನಿಂತು ಚಳಿ ಬಿದ್ದ ಮೇಲೆ ಪಾತಿಗೆ ಅತಿಥಿಗಳು ಹೆಚ್ಚಿದರು. ಐದು ಬೆರಳಿನ ಮುಂಗುಸಿ ಮತ್ತು ಪುನುಗು ಬೆಕ್ಕು. ಮೊಲದ ಗುರುತು ಮಕ್ಕಳನ್ನು ಬಹಳ ದಾರಿ ತಪ್ಪಿಸಿತು: ಜಿಗಿಯುವಾಗ ಮುಂಗಾಲು ಊರಿ, ಹಿಂಗಾಲನ್ನು ಅದಕ್ಕಿಂತ ಮುಂದೆ ತಂದು ಇಡುತ್ತದೆ, ಆದ್ದರಿಂದ ಮುಂದೆ ಕಾಣುವ ಜೋಡಿ ಹಿಂಗಾಲಿನದು. ಅದು ಹೇಗೆ ಸಾಧ್ಯವೆಂದು ಇಬ್ಬರು ಹುಡುಗರು ಅಂಗಳದಲ್ಲಿ ನಾಲ್ಕು ಕಾಲಿನಲ್ಲಿ ಜಿಗಿದು ತೋರಿಸಿದರು. ನವಿಲು ದಿನವೂ ಬಂತು. ಹಂದಿಯ ಗೊರಸನ್ನು ಆಡಿನ ಗೊರಸಿನಿಂದ ಬೇರೆ ಮಾಡಿದವನು ಕುರಿ ಕಾಯುವ ಮನೆಯ ಹುಡುಗ: ಮೆತ್ತನೆ ಮಣ್ಣಿನಲ್ಲಿ ಹಂದಿಯ ಹೆಜ್ಜೆಯ ಹಿಂದೆ ಎರಡು ಸಣ್ಣ ಗೊರಸುಗಳೂ ಅಗಲವಾಗಿ ಒತ್ತಿರುತ್ತವೆ. ಓದಿನಲ್ಲಿ ಹಿಂದೆ ಎಂದು ಹಾಜರಿ ಪುಸ್ತಕ ನೋಡಿದವರೆಲ್ಲ ಹೇಳುತ್ತಿದ್ದ ಹುಡುಗ ಅವನು. ಪಾತಿಯ ಮುಂದೆ ಉಳಿದವರು ಅವನ ಬಾಯಿ ನೋಡುತ್ತಿದ್ದರು.

ಅಚ್ಚು

ಗುರುತು ಸಂಜೆಗೆ ಅಳಿಯುತ್ತದೆ. ಉಳಿಸಿಕೊಳ್ಳಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ತೆಗೆದೆವು. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಭಾಗ ಹೊರಹಾಕಿದರೆ ಸಿಗುವ ಪುಡಿ ಅದು. ನೀರು ಸೇರಿಸಿದರೆ ಕಳೆದುಕೊಂಡ ನೀರನ್ನು ಮತ್ತೆ ಹೀರಿಕೊಂಡು ಕಲ್ಲಾಗುತ್ತದೆ, ಆಗ ಬಿಸಿಯೂ ಏರುತ್ತದೆ. ಈ ಬಿಸಿಯ ವಿಷಯವನ್ನು ಒತ್ತಿ ಹೇಳಬೇಕು. ದಪ್ಪ ಪಾಕದೊಳಗೆ ಕೈ ಇಟ್ಟುಕೊಂಡರೆ ಚರ್ಮ ಸುಡುವಷ್ಟು ಕಾಯುತ್ತದೆ, ಗಟ್ಟಿಯಾದ ಮೇಲೆ ಕೈ ಹೊರಗೆ ಬರುವುದೂ ಇಲ್ಲ. ತಮ್ಮ ಕೈಯ ಅಚ್ಚು ತೆಗೆಯಬೇಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕೊಡಬೇಡಿ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಸಿ.

ಮೊದಲು ಸಿಕ್ಕಿದ್ದು ಯಾರದೋ ಮನೆಯ ಫಾಲ್ಸ್ ಸೀಲಿಂಗ್ ಕೆಲಸದಲ್ಲಿ ಉಳಿದ ಅರ್ಧ ಮೂಟೆ. ಕಲಸಿದರೆ ಗಂಟೆಯಾದರೂ ಮೊಸರಿನಂತೆ ಉಳಿಯಿತು. ಬಾಯಿ ಬಿಚ್ಚಿಟ್ಟ ಮೂಟೆ ಗಾಳಿಯ ತೇವ ಹೀರಿ ಆಗಲೇ ಅರ್ಧ ಕಲ್ಲಾಗಿತ್ತು. ಒಂದೊಂದು ಕಿಲೋ ಪೊಟ್ಟಣ ತಂದು, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಡುವುದು ಲೇಸು. ಹಳೆಯದಾಗಿದ್ದರೆ ಒಂದು ಚಮಚ ಕಲಸಿ ನೋಡಿ, ಅರ್ಧ ಗಂಟೆಯಲ್ಲಿ ಉಗುರಿಗೆ ಗಟ್ಟಿಯಾಗದಿದ್ದರೆ ಬಿಡಿ.

ಕ್ರಮ ಹೀಗೆ. ಗುರುತಿನ ಸುತ್ತ ಎರಡು ಬೆರಳು ಅಂತರ ಬಿಟ್ಟು ಬಳೆ ಕಟ್ಟಬೇಕು. ಬಳೆಗೆ ಹಳೆಯ ಎಕ್ಸ್‌ರೇ ಫಿಲ್ಮನ್ನು ಉದ್ದ ಪಟ್ಟಿಗಳಾಗಿ ಕತ್ತರಿಸಿಕೊಂಡೆವು. ಬಾಗುತ್ತದೆ, ನೀರಿಗೆ ಕೆಡುವುದಿಲ್ಲ, ಬಟ್ಟೆ ಕ್ಲಿಪ್ ಹಾಕಿ ಬೇಕಾದ ಅಳತೆಗೆ ಬಿಗಿಯಬಹುದು. ಒಂದು ಲೋಟ ನೀರಿಗೆ ಎರಡು ಲೋಟ ಪುಡಿ. ನೀರಿಗೆ ಪುಡಿ ಉದುರಿಸಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು, ಗಂಟು ಕಟ್ಟುತ್ತದೆ. ನಿಧಾನವಾಗಿ ತಿರುವಬೇಕು, ಹುಡುಗರು ಮಜ್ಜಿಗೆ ಕಡೆದ ಹಾಗೆ ಕಡೆದರೆ ಗುಳ್ಳೆ ತುಂಬಿ ಬೆರಳಿನ ತುದಿಗಳೇ ಟೊಳ್ಳಾಗುತ್ತವೆ. ದೋಸೆ ಹಿಟ್ಟಿನ ಹದಕ್ಕೆ ಬಂದ ಕೂಡಲೇ, ಗುರುತಿನ ಮೇಲೆ ನೇರವಾಗಿ ಸುರಿಯದೆ, ಪಕ್ಕದ ಮಣ್ಣಿನ ಮೇಲೆ ಚಮಚ ಹಿಡಿದು ಅದರ ಮೇಲಿಂದ ಹರಿಯಬಿಡಬೇಕು. ಎರಡು ಸೆಂಟಿಮೀಟರ್ ದಪ್ಪವಾದಾಗ ಗೋಡೆಗೆ ನೇತುಹಾಕಲು ತಂತಿಯ ಕುಣಿಕೆ ಊರಬೇಕು. ಅರ್ಧ ಗಂಟೆ ಬಿಟ್ಟು ಅಡಿಯ ಮಣ್ಣಿನ ಸಮೇತ ಎತ್ತಿ, ಎರಡು ದಿನ ನೆರಳಲ್ಲಿ ಒಣಗಿಸಿ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮಣ್ಣು ಬಿಡಿಸಬೇಕು. ಅವಸರಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಉಳಿದ ಪಾಕವನ್ನು ನಲ್ಲಿಯ ಬಳಿ ಚೆಲ್ಲಿದರೆ ಕೊಳವೆ ಕಟ್ಟಿಕೊಳ್ಳುವುದು ಖಚಿತ.

ಬೆನ್ನಿಗೆ ತಾರೀಖು, ಜಾಗ, ಯಾವ ಕಡೆಗೆ ಮುಖ, ಮಣ್ಣು ಒದ್ದೆಯೋ ಒಣವೋ ಎಂಬುದನ್ನು ಹಸಿಯಿರುವಾಗಲೇ ಮೊಳೆಯಿಂದ ಕೆತ್ತಬೇಕು. ಪ್ರಾಣಿಯ ಹೆಸರು ಕೆತ್ತುವುದು ಎಲ್ಲಕ್ಕೂ ಕೊನೆಗೆ, ಅದು ಯಾವ ಪ್ರಾಣಿಯೆಂದು ಒಪ್ಪಿಗೆಯಾದ ಮೇಲೆ. ಒಪ್ಪಿಗೆಯಾಗದ ಅಚ್ಚುಗಳಿಗೆ ಬೇರೆ ಪೆಟ್ಟಿಗೆಯಿದೆ. ಅಚ್ಚು ತೆಗೆಯಲು ಅಡ್ಡಿಯಿಲ್ಲ, ಆದರೆ ಹಾದಿಯಲ್ಲಿ ಬಿದ್ದ ಜಿಂಕೆ ಕೊಂಬು, ಮುಳ್ಳುಹಂದಿಯ ಮುಳ್ಳು ತಂದು ಶಾಲೆಯಲ್ಲಿ ಇಡುವಂತಿಲ್ಲವೆಂದು ಮಕ್ಕಳಿಗೆ ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಅವರು ಮೊದಲ ಬಾರಿಗೆ ಗೊಣಗುತ್ತ ಕೇಳಿದ್ದು ಆಗ.

ಗಾಜಿನ ಚೌಕಟ್ಟು

ಪ್ಲಾಸ್ಟರ್ ದುಬಾರಿ, ಎಲ್ಲ ಗುರುತಿಗೂ ಸುರಿಯಲಾಗದು. ಹುಲಿ ಗಣತಿಯವರು ಬಳಸುತ್ತಿದ್ದ ಟ್ರೇಸರನ್ನು ನಾವೂ ಮಾಡಿದೆವು. ಮರದ ಚೌಕಟ್ಟಿಗೆ ಗಾಜು ಕೂರಿಸಿ, ನಾಲ್ಕು ಮೂಲೆಗೆ ಕಾಲು ಕೊಟ್ಟು ಗುರುತಿನ ಮೇಲೆ ನಿಲ್ಲಿಸುವುದು, ಗಾಜಿನ ಮೇಲೆ ಪೆನ್ನಿನಿಂದ ಅಂಚು ಎಳೆಯುವುದು, ಆಮೇಲೆ ಕಾಗದಕ್ಕೆ ಇಳಿಸುವುದು. ಮಕ್ಕಳ ಕೈಗೆ ಗಾಜು ಬೇಡವೆಂದು 30 ಸೆಂಟಿಮೀಟರ್ ಚೌಕದ ಅಕ್ರಿಲಿಕ್ ಹಾಳೆ ಹಾಕಿದೆವು. ಗೆರೆ ಎಳೆಯಲು ಮಾರ್ಕರ್, ಅಳಿಸಲು ಸ್ಪಿರಿಟ್ ಒರೆಸಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಸೋಪಿನ ನೀರಿಗೆ ಹೋಗುವ ಸ್ಕೆಚ್ ಪೆನ್ನೇ ಸಾಕು.

ಟ್ರೇಸರಿನ ರೋಗವೆಂದರೆ ಕಣ್ಣು. ಹಾಳೆ ಗುರುತಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲಿರುತ್ತದೆ. ತಲೆ ಸ್ವಲ್ಪ ಆಚೀಚೆಯಾದರೆ ಗೆರೆಯೂ ಜಾರುತ್ತದೆ. ಚೌಕಟ್ಟಿಗೆ ಗಟ್ಟಿ ತಂತಿಯೊಂದನ್ನು ಕಟ್ಟಿ, ಅದರ ತುದಿಯ ಉಂಗುರ ಹಾಳೆಯ ನಡುವಿಗೆ ಸರಿಯಾಗಿ ಒಂದು ಅಡಿ ಮೇಲೆ ಬರುವಂತೆ ಬಗ್ಗಿಸಿದೆವು. ಒಂದು ಕಣ್ಣು ಮುಚ್ಚಿ ಉಂಗುರದಿಂದಲೇ ನೋಡಬೇಕು. ಜಾರುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ನಿಲ್ಲದಿದ್ದದ್ದೇ ಒಳ್ಳೆಯ ಪಾಠವಾಯಿತು. ಕರಿಯನನ್ನು ಒಣ ಮಣ್ಣು, ಹದ ಮಣ್ಣು, ಕೆಸರು ಮೂರರ ಮೇಲೂ ನಡೆಸಿ, ಒಂದೇ ಮುಂಗಾಲಿನ ಗುರುತನ್ನು ಬೇರೆ ಬೇರೆ ಮಕ್ಕಳಿಂದ ಎಳೆಸಿದೆ. ಆ ಕಾಗದಗಳನ್ನು, ನಡೆದದ್ದೇನೆಂದು ಗೊತ್ತಿಲ್ಲದ ಐದನೇ ತರಗತಿಯವರ ಮುಂದೆ ಹರವಿ, ಇಲ್ಲಿ ಎಷ್ಟು ನಾಯಿಗಳಿವೆ ಎಂದು ಕೇಳಿದೆವು. ಎರಡು ಎಂದರು ಕೆಲವರು, ಮೂರು ಎಂದರು ಹಲವರು. ಒಬ್ಬ ಮರಿಯೂ ಇದೆ ಎಂದ. ಆರು ಏಳನೇ ತರಗತಿಯವರು ಬಿದ್ದು ಬಿದ್ದು ನಕ್ಕರು.

ನಗು ಮುಗಿದ ಮೇಲೆ ಹುಲಿ ಗಣತಿಯ ಕಥೆ ಹೇಳಿದೆ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1960ರ ದಶಕದಲ್ಲಿ ಹೆಜ್ಜೆ ಎಣಿಸುವ ಕ್ರಮವನ್ನು ರೂಪಿಸಿದರು. 1972ರ ಅಖಿಲ ಭಾರತ ಗಣತಿಯಲ್ಲಿ 1,827 ಹುಲಿಗಳೆಂದು ಬಂತು, ಮರುವರ್ಷ ಹುಲಿ ಯೋಜನೆ ಶುರುವಾಯಿತು. ಮೊದಲ ಒಂಬತ್ತು ಮೀಸಲುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಪ್ರತಿ ಹುಲಿಯ ಹೆಜ್ಜೆಯೂ ಸಿಗುತ್ತದೆ, ಸಿಕ್ಕಿದ್ದರಿಂದ ಒಂದೊಂದು ಹುಲಿಯನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು ಎಂಬುದು ಆ ಕ್ರಮದ ನಂಬಿಕೆ. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಬಯಲಾದದ್ದೇನು? ಗಣತಿಯ ಪುಸ್ತಕದಲ್ಲಿ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಮುಗಿಸಿಬಿಟ್ಟಿದ್ದರು. ಆ ಬಳಿಕ ಹೆಜ್ಜೆಯ ಎಣಿಕೆ ಕೈಬಿಟ್ಟು ಕ್ಯಾಮೆರಾಗಳನ್ನು ನೆಚ್ಚಿಕೊಂಡರು. ಹುಲಿಯ ಮೈಪಟ್ಟೆ ಒಂದರಂತೆ ಇನ್ನೊಂದಿಲ್ಲ. ಪಟ್ಟೆ ನೋಡಿ ಎಣಿಸುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಇಲ್ಲೇ ಪಕ್ಕದ ನಾಗರಹೊಳೆಯಲ್ಲಿ ಮಾಡಿ ತೋರಿಸಿದ್ದರು.

ಹೆಜ್ಜೆ ಎಣಿಸಿದ 2001-02ರ ಲೆಕ್ಕ 3,642. ಹೊಸ ವಿಧಾನದ 2006ರ ಲೆಕ್ಕ 1,411. ಒಬ್ಬ ಹುಡುಗ ಕೂಡಲೇ ಕಳೆದು, 2,231 ಹುಲಿಗಳು ಸತ್ತವೆಂದ. ಪಕ್ಕದಲ್ಲಿದ್ದವಳು, ಹಾಗಾದರೆ ಮೂರು ಕರಿಯಂದಿರಲ್ಲಿ ಇಬ್ಬರು ಯಾವಾಗ ಸತ್ತರು ಎಂದು ಕೇಳಿದಳು. ಪ್ರಶ್ನೆಗೆ ನಾನು ಏನನ್ನೂ ಸೇರಿಸಲಿಲ್ಲ.

ಹುಣಸೆ ಬೀಜ

ಕ್ಯಾಮೆರಾಕ್ಕೆ ಎಲ್ಲ ಹುಲಿಯೂ ಸಿಗುತ್ತದೆಯೇ ಎಂದು ಮುಂದಿನ ಪ್ರಶ್ನೆ ಬಂತು. ಸಿಗುವುದಿಲ್ಲ. ಸಿಗದವನ್ನು ಅಂದಾಜು ಮಾಡುವ ಲೆಕ್ಕವನ್ನು ಹುಣಸೆ ಬೀಜದಲ್ಲಿ ಆಡಿದೆವು. ಚೌಕಾಬಾರಕ್ಕೆ ಬೀಜವನ್ನು ನೆಲಕ್ಕೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡುವುದು ಮಕ್ಕಳಿಗೆಲ್ಲ ಗೊತ್ತು. ಡಬ್ಬದ ತುಂಬ ಬೀಜ. 40 ತೆಗೆದು ಉಜ್ಜಿ ಗುರುತು ಮಾಡಿ ಮತ್ತೆ ಹಾಕಿ ಕಲಕುವುದು. ಆಮೇಲೆ ಕಣ್ಣು ಮುಚ್ಚಿ 50 ತೆಗೆಯುವುದು. ಅದರಲ್ಲಿ ಉಜ್ಜಿದವು 10 ಬಂದರೆ, ಅಂದರೆ ಐದರಲ್ಲಿ ಒಂದು, ಡಬ್ಬದಲ್ಲಿ ಒಟ್ಟು 200ರ ಆಸುಪಾಸು. ಆಮೇಲೆ ಸುರಿದು ಎಣಿಸಿ ನೋಡುವುದು. ಹತ್ತಿರ ಬರುತ್ತದೆ, ಸರಿಯಾಗಿ ಬರುವುದಿಲ್ಲ. 2022ರ ಗಣತಿಯನ್ನು ಪತ್ರಿಕೆಯಲ್ಲಿ ಓದುವಾಗ ಕನಿಷ್ಠ 3,167, ಸರಾಸರಿ 3,682 ಎಂದು ಎರಡೆರಡು ಅಂಕಿ ಏಕೆ ಎಂದು ಈಗ ಅವರು ಕೇಳುವುದಿಲ್ಲ.

ಹೊಲದ ಕಡೆ

ಹಂದಿಯನ್ನು ಏಕೆ ಉಳಿಸಬೇಕು ಸರ್ ಎಂದು ಕಡಲೆಕಾಯಿ ಬೆಳೆ ಕಳೆದುಕೊಂಡ ಮನೆಯ ಹುಡುಗ ಕೇಳಿದಾಗ, ಆಹಾರ ಸರಪಳಿಯ ಚಿತ್ರ ತೋರಿಸುವುದು ನನ್ನಿಂದಾಗಲಿಲ್ಲ. ಬದಲಿಗೆ, ಹಂದಿ ಎಲ್ಲಿಂದ ಬರುತ್ತದೆ ನೋಡೋಣವೆಂದೆ. ಅವನ ಅಪ್ಪನ ಒಪ್ಪಿಗೆ ಪಡೆದು, ಹಗಲಿನಲ್ಲಿ, ದೊಡ್ಡವರ ಜೊತೆಗೆ ಹೊಲದ ಬದುವಿನ ಸುತ್ತ ಸಣ್ಣ ಸಣ್ಣ ಪಟ್ಟಿಗಳನ್ನು ಹಾಕಿದೆವು. ಬೇಲಿಯಿದ್ದದ್ದು ಕಾಡಿನ ಕಡೆಗೆ. ಹೆಜ್ಜೆಗಳು ಬಂದದ್ದು ಕೆರೆ ಏರಿಯ ಕಡೆಯ ಖರಾಬಿನಿಂದ. ಹಂದಿಗಳು ಕಾಡಿನಿಂದ ಬರುತ್ತಲೇ ಇರಲಿಲ್ಲ. ಹಗಲೆಲ್ಲ ಆ ಲಂಟಾನದ ಪೊದೆಯಲ್ಲೇ ಮಲಗಿ ಸಂಜೆ ಎದ್ದು ಬರುತ್ತಿದ್ದವು. ಅಪ್ಪ ಆ ಕಡೆಯ ಬದುವನ್ನು ಭದ್ರ ಮಾಡಿದರು. ಹುಡುಗನ ಪ್ರಶ್ನೆಗೆ ಇದು ಉತ್ತರವಲ್ಲವೆಂದು ನನಗೆ ಗೊತ್ತು. ಅವನಿಗೂ ಗೊತ್ತು, ಆಗಾಗ ನೆನಪಿಸುತ್ತಾನೆ.

ಆನೆಯ ಹೆಜ್ಜೆ ಸಿಕ್ಕಿದ್ದು ಅದೇ ಬದುವಿನ ಕೆಸರಿನಲ್ಲಿ. ಮುಂಗಾಲು ದುಂಡಗೆ, ಹಿಂಗಾಲು ಮೊಟ್ಟೆಯಾಕಾರ. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಭುಜದ ಎತ್ತರ, ಹೆಚ್ಚು ಕಡಿಮೆ. ದಾರ ಸುತ್ತಿ ಅಳೆದರೆ 1.2 ಮೀಟರ್, ಆನೆ 2.4 ಮೀಟರ್. ಆ ಎತ್ತರಕ್ಕೆ ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆ ಹಾಕಿದೆವು. ಮಕ್ಕಳು ಅದರ ಕೆಳಗೆ ನಿಂತು, ಅಪ್ಪನ ಅಟ್ಟಣೆಗೆ ಅದರ ಸೊಂಡಿಲು ಎಟುಕುತ್ತದೆಯೇ ಎಂದು ಅಳೆದರು. ಎರಡು ಮನೆಗಳಲ್ಲಿ ಅಟ್ಟಣೆ ಎತ್ತರವಾಯಿತು.

ಈಗ ಊರಿನವರು ಮೊಬೈಲಿನಲ್ಲಿ ಚಿತ್ರ ತಂದು ಮಕ್ಕಳಿಗೇ ತೋರಿಸುತ್ತಾರೆ. ಚಿರತೆಯೆಂದು ವಾಟ್ಸ್ಆ್ಯಪ್‌ನಲ್ಲಿ ಊರೂರು ಸುತ್ತುವ ಗುರುತುಗಳಲ್ಲಿ ಹೆಚ್ಚಿನವು ನಾಯಿಯವು. ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ತೆಗೆದ ಚಿತ್ರ ತನ್ನಿ, ಇಲ್ಲದಿದ್ದರೆ ಹೇಳಲಾಗದು ಎಂದು ಮಕ್ಕಳು ಖಡಾಖಂಡಿತವಾಗಿ ತಿರುಗಿ ಕಳಿಸುತ್ತಾರೆ. ಬೆಳೆ ಪರಿಹಾರದ ಅರ್ಜಿಗೆ ಲಗತ್ತಿಸುವ ಚಿತ್ರಕ್ಕೂ ಈ ಬೆಂಕಿಪೊಟ್ಟಣ ಒಳ್ಳೆಯದು.

ಈಗಿನ ಸ್ಥಿತಿ

ಜರಡಿಯ ಚೌಕಟ್ಟಿಗೆ ಗೆದ್ದಲು ಹಿಡಿದಿದೆ, ಈ ಬಾರಿ ಕಬ್ಬಿಣದ ಪಟ್ಟಿಯಲ್ಲಿ ಮಾಡಿಸಬೇಕು. ಮಳೆಗಾಲದಲ್ಲಿ ಪಾತಿ ಉಪಯೋಗಕ್ಕಿಲ್ಲ. ಒಂದು ಹದ ಮಳೆಗೆ ಮೇಲ್ಮೈಯೆಲ್ಲ ಗುಳಿ ಬಿದ್ದು, ನುಣ್ಣನೆಯ ಮರಳು ತಗ್ಗಿಗೆ ಹರಿದು, ಮೇಲೆ ಗೋಡು ಮಾತ್ರ ಉಳಿದು ಚಿಪ್ಪುಗಟ್ಟುತ್ತದೆ. ತಗಡಿನ ಮಾಡು ಹಾಕಿ ನೋಡಿದೆವು. ಗಾಳಿಗೆ ಅದು ಬಡಿದುಕೊಳ್ಳುವ ಸದ್ದಿಗೆ ಕರಿಯನನ್ನು ಬಿಟ್ಟು ಯಾವ ಪ್ರಾಣಿಯೂ ಹತ್ತಿರ ಬರಲಿಲ್ಲ, ತೆಗೆದುಬಿಟ್ಟೆವು. ಈಗ ಜೂನ್‌ನಲ್ಲಿ ಮಣ್ಣು ಎತ್ತಿ ಮೂಟೆ ಕಟ್ಟಿ ಅಡುಗೆಮನೆಯ ಅಟ್ಟಕ್ಕೆ ಹಾಕಿ, ನವೆಂಬರಿನಲ್ಲಿ ಮತ್ತೆ ಜರಡಿ ಹಿಡಿದು ಹರಡುವುದೆಂದು ತೀರ್ಮಾನವಾಗಿದೆ. ಆ ನಡುವಿನ ತಿಂಗಳುಗಳಿಗೆ ಹಳೆಯ ಹವಾಯಿ ಚಪ್ಪಲಿಗಳ ರಬ್ಬರ್ ಕತ್ತರಿಸಿ ಮೊಹರು ಮಾಡುತ್ತಿದ್ದಾರೆ: ಅಚ್ಚು ನೋಡಿ ಅಳತೆಗೆ ಸರಿಯಾಗಿ ಬೆರಳು, ಅಂಗಾಲು ಕೊರೆದು ಮರದ ತುಂಡಿಗೆ ಅಂಟಿಸುವುದು, ಜಗಲಿಯಲ್ಲಿ ತಟ್ಟೆ ತುಂಬ ಮರಳಿಟ್ಟು ಒಬ್ಬರು ಮೊಹರು ಒತ್ತಿ ಕಥೆ ಕಟ್ಟುವುದು, ಉಳಿದವರು ಓದುವುದು. ಮೊಲ ಮತ್ತು ನಾಯಿಯ ಕಥೆಯೇ ಹೆಚ್ಚು. ಅಂಟಿಗೆ ಚಪ್ಪಲಿ ಹೊಲಿಯುವವರ ಬಳಿ ಸಿಗುವ ರಬ್ಬರ್ ಅಂಟೇ ಸರಿ. ಫೆವಿಕಾಲ್ ಒದ್ದೆ ಮರಳಿಗೆ ಬಿಟ್ಟುಕೊಂಡಿತು. ಪೇಟೆಯಿಂದ ಒಂದು ಡಬ್ಬ ತರಿಸಬೇಕಿದೆ.

ಕಾಂಪೌಂಡ್ ದುರಸ್ತಿಗೆ ಹಣ ಮಂಜೂರಾಗಿದೆಯಂತೆ. ಗೋಡೆ ಕಟ್ಟುವಾಗ ಬುಡದಲ್ಲಿ ಒಂದು ಅಡಿ ಚೌಕದ ಕಿಂಡಿ ಬಿಡಬೇಕೆಂದು ಮಕ್ಕಳು ಮುಖ್ಯ ಶಿಕ್ಷಕರಿಗೆ ಅರ್ಜಿ ಬರೆದಿದ್ದಾರೆ. ಅರ್ಜಿಯ ಜೊತೆಗೆ, ಆ ಕಿಂಡಿಯಲ್ಲಿ ಯಾವ ಯಾವ ಪ್ರಾಣಿ ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂಬ ಪಟ್ಟಿಯಿದೆ. ದೊಡ್ಡ ಹಂದಿ ಹಿಡಿಸುವುದಿಲ್ಲವೆಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.